ಗುಂಡಣ್ಣನವರ ತಲೆಗೆ ಸಿಕ್ಕ ಬಿಲ್ಲೆ

ವಿದ್ಯಾರಣ್ಯಪುರದ ನಿವಾಸಿ ಶ್ರೀ ಗುಂಡಣ್ಣನವರ ತಲೆಯಲ್ಲಿ ಕೂದಲು ಬೆಳೆದಿತ್ತು ಎಂಬುದು ಈಗ ಅಧಿಕೃತವಾಗಿ ದೃಢಪಟ್ಟ ಸಂಗತಿ. ಸದ್ಯ ಅಲ್ಲಿ ಕೂದಲಿಲ್ಲ. ಅದರಿಂದ ಈ ಸತ್ಯಕ್ಕೆ ಯಾವ ಬಾಧೆಯೂ ಇಲ್ಲ.

ಮಗಳು ರಂಜನಿಯ ಮದುವೆಯ ಫೋಟೋದಲ್ಲಿ ಕೂದಲಿನ ಸಮೇತ ನಿಲ್ಲಬೇಕೆಂಬುದು ಗುಂಡಣ್ಣನವರ ಆಸೆ. ಅದಕ್ಕಾಗಿ ಯಲಹಂಕದ ನವಾಂಕುರ ಕೇಶ ಪುನರುಜ್ಜೀವನ ಕೇಂದ್ರಕ್ಕೆ ಹೋದರು. ಅಲ್ಲಿ ಅವರದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಅದರ ಸಾರವನ್ನು ಅವರದೇ ನೆತ್ತಿಗೆ ಚುಚ್ಚಿದರು. ಗುಂಡಣ್ಣ ಹಲ್ಲು ಕಚ್ಚಿ ಸಹಿಸಿಕೊಂಡರು. ಮನೆಯಲ್ಲಿ ಹೆಂಡತಿ ಕೃಷ್ಣವೇಣಿ ಸುಮ್ಮನಿರದೆ ತಿಮ್ಮಪ್ಪನಿಗೆ ಹರಕೆ ಹೊತ್ತರು.

ಕೂದಲು ಬಂತು, ದಟ್ಟವಾಗಿಯೇ ಬಂತು. ಗುಂಡಣ್ಣ ಜೇಬಿಗೊಂದು ಬಾಚಣಿಗೆ ಕೊಂಡು, ನಿಂತ ಬಸ್ಸಿನ ಗಾಜು ಕಂಡರೂ ಬಾಚಿಕೊಳ್ಳತೊಡಗಿದರು.

“ಅದ್ಸರಿ, ಏನಂತ ಹರಕೆ ಹೊತ್ತಿದ್ದೆ?” ಎಂದು ಒಂದು ದಿನ ಹೆಂಡತಿಯನ್ನು ಕೇಳಿದರು.

“ಕೂದಲು ಬಂದ್ರೆ ನಿಮ್ಮ ಮುಡಿ ಕೊಡಿಸ್ತೀನಿ ಅಂತ.”

“ಫೋಟೋ ಆದ್ಮೇಲೆ ಕೊಡೋಣ ಕಣೇ!”

“ಹರಕೆ ಬಾಕಿ ಇಟ್ಕೊಂಡು ಮಗಳನ್ನ ಧಾರೆ ಎರೆಯೋಕಾಗುತ್ತೇನ್ರೀ? ದೇವ್ರ ಹತ್ರಾನೂ ಚೌಕಾಸಿನಾ?”

ಮುಡಿ ಕೊಟ್ಟು ತಿರುಪತಿ ಬೆಟ್ಟ ಇಳಿಯುವಾಗ ಗುಂಡಣ್ಣ ನಿಜಕ್ಕೂ ಅತ್ತರು. ಮದುವೆಗೆ ವಾರವಷ್ಟೇ ಉಳಿದಿತ್ತು.

ಗುಂಡಣ್ಣ ನೇರ ಕೇಂದ್ರಕ್ಕೆ ಹೋಗಿ ತಲೆ ತೋರಿಸಿದರೆ, ಅಲ್ಲಿನ ಮುಖ್ಯಸ್ಥ ಡಾಕ್ಟರ್ ವಸಿಷ್ಠ ಮಾತ್ರ ಎದೆಗುಂದಲಿಲ್ಲ. ಅವರ ತಲೆಯೂ ಬೋಳೇ. “ಇಲ್ಲದ ಕೂದಲನ್ನ ಯಾರಾದ್ರೂ ಬೋಳಿಸೋಕಾಗುತ್ತಾ ಸಾರ್? ಬೋಳಿಸಿದ್ದಾರೆ ಅಂದ್ರೆ ಟ್ರೀಟ್‌ಮೆಂಟ್ ಸಕ್ಸಸ್. ನಂದೂ ಹರಕೇನೇ,” ಎಂದರು. ಅಂದೇ ಬಾಗಿಲಿಗೆ ಪ್ರಕಟಣೆ ಅಂಟಿತು:

“ಹರಕೆಯ ನಿಮಿತ್ತ ಮುಡಿ ಒಪ್ಪಿಸಿದವರನ್ನು ಕೂದಲುಳ್ಳವರೆಂದೇ ಪರಿಗಣಿಸತಕ್ಕದ್ದು. ಅಂಥವರಿಗೆ ಗುರುತಿನ ಬಿಲ್ಲೆ ನೀಡಲಾಗುವುದು. ಕೇವಲ ತಲೆ ನೋಡಿ ಯಾರೂ ತೀರ್ಮಾನಕ್ಕೆ ಬರತಕ್ಕದ್ದಲ್ಲ.”

ಮದುವೆಯಲ್ಲಿ ಗುಂಡಣ್ಣನವರ ಶಲ್ಯದ ಮೇಲೆ ‘ಕೂದಲುಳ್ಳವರು’ ಎಂಬ ಬಿಲ್ಲೆ ಹೊಳೆಯುತ್ತಿತ್ತು. ನೆಂಟರು ಅದನ್ನು ಓದಿ, ತಲೆ ನೋಡಿ, ಮತ್ತೊಮ್ಮೆ ಓದಿ, ಅಭಿನಂದಿಸಿದರು. ಗಂಡಿನ ತಂದೆ ಅನಂತರಾಜು ಬಹುಕಾಲದಿಂದ ಬೋಳು ತಲೆಯವರು. ಅವರು ಬೀಗರನ್ನು ಪಕ್ಕಕ್ಕೆ ಕರೆದರು.

“ಸೂಜಿಗೀಜಿ ಇಲ್ದೆ ಬರೀ ಬಿಲ್ಲೆ ಸಿಗುತ್ತಾ ಬೀಗರೇ?”

ಊಟಕ್ಕೆ ಬಂದಿದ್ದ ಡಾಕ್ಟರು, “ಅದಕ್ಕೂ ಪ್ಯಾಕೇಜ್ ಇದೆ ಸಾರ್,” ಎಂದು ಜೇಬಿನಿಂದಲೇ ಒಂದು ಬಿಲ್ಲೆ ತೆಗೆದು ಅನಂತರಾಜು ಅವರ ಶಲ್ಯಕ್ಕೆ ಚುಚ್ಚಿದರು.

ಎಲ್ಲರೂ ಫೋಟೋಗೆ ನಿಂತರು. ಫೋಟೋಗ್ರಾಫರ್ ಬಿಲ್ಲೆಗಳನ್ನು ಓದಿಕೊಂಡು, “ಸಾರ್, ಫ್ಯಾನ್ ಗಾಳಿಗೆ ಕೂದಲು ಕೆದರಿರುತ್ತೆ, ಸ್ವಲ್ಪ ಸರಿ ಮಾಡ್ಕೊಳ್ಳಿ,” ಎಂದ.

ಗುಂಡಣ್ಣ ಬಾಚಣಿಗೆ ತೆಗೆದು, ಬೈತಲೆ ಎಡಕ್ಕೆ ಬರುವಂತೆ ನುಣ್ಣನೆಯ ತಲೆಯನ್ನು ನಿಧಾನವಾಗಿ ಬಾಚಿಕೊಂಡರು. ಯಾರೂ ನಗಲಿಲ್ಲ. ಬೀಗರು ಕೈ ಚಾಚಿದರು.

“ಆಯ್ತಾ? ಇಲ್ಲಿ ಕೊಡಿ.”