'ನಿರ್ಗಮಿಸಿ' ಎಂಬ ಬಟನ್ ತೆಗೆದುಹಾಕಿದ ಬಗ್ಗೆ

ಎರಡು ಸಾವಿರದ ಒಂಬತ್ತನೇ ಇಸವಿ ಜನವರಿ ಐದರ ಬೆಳಗ್ಗೆ ಹತ್ತೂವರೆಗೆ, ಶಿಡ್ಲಘಟ್ಟದ ಹಿಪ್ಪುನೇರಳೆ ಸೊಪ್ಪು ಮಾಹಿತಿ ನಿಗಮದ ವೆಬ್‌ಸೈಟು ನಮ್ಮ ಅಧೀಕ್ಷಕರಾದ ವೆಂಕಟರವಣಪ್ಪನವರಿಗೆ ಹೊರಗೆ ಹೋಗಲು ಹೇಳಿತು. ಕಚೇರಿಯ ಗುಮಾಸ್ತ ನಾನೇ ಆದ್ದರಿಂದ ಇದನ್ನು ಕಣ್ಣಾರೆ ಕಂಡಿದ್ದೇನೆ.

ಲಾಗಿನ್ ಆದ ಸಿಬ್ಬಂದಿಗೆ ಮಾತ್ರ ಪುಟದ ಮೇಲ್ತುದಿಯಲ್ಲಿ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಅದರಲ್ಲಿ 'ನಮಸ್ಕಾರ, ವೆಂಕಟರವಣಪ್ಪ' ಎಂದಿತ್ತು. ಪಕ್ಕದಲ್ಲೇ 'ನಿರ್ಗಮಿಸಿ' ಎಂಬ ಬಟನ್.

"ಏನಮ್ಮ ಕಹಕಶಾನ್, ಇನ್ನೂ ಕುರ್ಚಿ ಬಿಸಿಯಾಗಿಲ್ಲ, ಆಗ್ಲೇ ಹೋಗು ಅಂತದಲ್ಲ ಇದು! ಮನೇಗೆ ಬಂದ ನೆಂಟ್ರಿಗೆ ಯಾರಾನ ಹಿಂಗಂತಾರ?"

ಕಹಕಶಾನ್ ನಮ್ಮ ಗುತ್ತಿಗೆ ಕಂಪ್ಯೂಟರ್ ಆಪರೇಟರು. ಇಡೀ ಕಚೇರಿಗೆ ಕೋಡ್ ಬರೆಯಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಅಪ್ಪನ ರೇಷ್ಮೆ ನೂಲು ಬಿಚ್ಚುವ ಘಟಕ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದೂ ಅವಳ ಸಂಬಳದಲ್ಲೇ.

"ಕೆಲ್ಸ ಮುಗಿದ್ಮೇಲೆ ಒತ್ತೋದು ಸರ್ ಅದು. 'ಹೋಗಿ ಬನ್ನಿ' ಅಂತ ಮಾಡ್ಲಾ?"

"ಹೋಗೋ ಮಾತೇ ಬೇಡ. ಬರೀ 'ಬನ್ನಿ' ಅಂತ ಹಾಕಮ್ಮ."

ಅವಳು ಎರಡು ಸಾಲು ಕೋಡ್ ಬರೆದಳು. ಸಾಹೇಬರು ಸಂತೋಷವಾಗಿ 'ಬನ್ನಿ' ಒತ್ತಿದರು. ವೆಬ್‌ಸೈಟು ಅವರನ್ನು ಆಚೆ ಹಾಕಿ ಪಾಸ್‌ವರ್ಡ್ ಕೇಳಿತು.

"ಕರೆದು ಕರೆದು ಆಚೆಗೆ ತಳ್ತದಲ್ಲೋ ಮುನಿಗಂಗಪ್ಪ!" ಎಂದು ನನ್ನ ಮೇಲೆ ರೇಗಿದರು. ಅಂದೇ ಆದೇಶ ಹೊರಟಿತು: 'ಸಿಬ್ಬಂದಿಯನ್ನು ಹೊರಗೆ ಕಳಿಸುವ ಯಾವುದೇ ಬಟನ್ ಸದರಿ ಪಟ್ಟಿಯಲ್ಲಿ ಇರತಕ್ಕದ್ದಲ್ಲ. ಊಟದ ನಂತರ ಅಧೀಕ್ಷಕರು ಕಣ್ಣು ಮುಚ್ಚಿ ಆಲೋಚಿಸುವಾಗ ವೆಬ್‌ಸೈಟು ತಾನಾಗಿಯೇ ಅವರನ್ನು ಹೊರಹಾಕುವುದನ್ನೂ ನಿಲ್ಲಿಸತಕ್ಕದ್ದು.' ಕಹಕಶಾನ್ ಇನ್ನೂ ನಾಲ್ಕು ಸಾಲು ಬರೆದಳು. ಅಲ್ಲಿಂದಾಚೆಗೆ ಲಾಗಿನ್ ಆದವರು ಆದ ಹಾಗೇ ಉಳಿದರು.

ಮಾರ್ಚ್ ಮೂವತ್ತೊಂದಕ್ಕೆ ಅವಳ ಗುತ್ತಿಗೆ ಮುಗಿಯಿತು. ಪ್ರತಿ ವರ್ಷ ಮುಂದುವರಿಸುವುದು ವಾಡಿಕೆ. ಈ ಸಲ ಮಾತ್ರ ಸಾಹೇಬರ ಬಾಮೈದನ ಮಗ ಜಗನ್ ತೊಂಡೇಬಾವಿಯಿಂದ ಬಂದು ಬೆಂಚಿನ ಮೇಲೆ ಕೂತಿದ್ದ. ಅವನಿಗೆ ಮೊಬೈಲಿನಲ್ಲಿ ರಿಂಗ್‌ಟೋನ್ ಬದಲಾಯಿಸಲು ಬರುತ್ತಿತ್ತು, ಹೀಗಾಗಿ ಅರ್ಹತೆಯ ಪ್ರಶ್ನೆಯೇ ಏಳಲಿಲ್ಲ. ಕಹಕಶಾನ್ ಟಿಫನ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತಳು. ಸುಳ್ಳು ಯಾಕೆ ಹೇಳಲಿ, ಅವಳನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಆದರೂ ಕರ್ತವ್ಯ ಬಿಡುಗಡೆ ಪತ್ರ ತುಂಬತೊಡಗಿದೆ.

ಏಳನೇ ಕಲಂ ಬಂತು: 'ವೆಬ್‌ಸೈಟಿನಿಂದ ನಿರ್ಗಮಿಸಿದ ವೇಳೆ.' ಕೆಳಗೆ ಸಣ್ಣಕ್ಷರದಲ್ಲಿ ಷರಾ: 'ನಿರ್ಗಮಿಸದವರನ್ನು ಕರ್ತವ್ಯದಲ್ಲಿದ್ದಾರೆಂದೇ ಭಾವಿಸತಕ್ಕದ್ದು.'

"ಸಾರ್, ಈಯಮ್ಮನ್ನ ಕಳ್ಸೋಕಾಗಲ್ಲ" ಎಂದೆ. ಖುಷಿ ಮುಚ್ಚಿಡಲು ಎರಡು ಸಲ ಕೆಮ್ಮಬೇಕಾಯಿತು.

"ಹಂಗಾದ್ರೆ ಆ ಬಟನ್ ವಾಪಸ್ ಹಾಕಮ್ಮ!"

"ಹಾಕ್ತೀನಿ ಸರ್. ಆದ್ರೆ ಹಾಕಿದ್ರೆ ಎಲ್ಲಾರ್ಗೂ ಬರ್ತದೆ. ಜೂನ್‌ನಲ್ಲಿ ನಿಮ್ಮ ರಿಟೈರ್‌ಮೆಂಟ್ ಅಲ್ವಾ? ಆವಾಗ ನೀವೂ ಒತ್ಬೇಕಾಗ್ತದೆ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೀಗ ಒಳಗೇ ಇದೀನೇನಮ್ಮ?"

"ಜನವರಿ ಐದರಿಂದ ಒಳಗೇ ಇದೀರ ಸರ್."

ಅವರು ಜಗನ್ ಕಡೆ ನೋಡಿದರು, ಕ್ಯಾಲೆಂಡರ್ ಕಡೆ ನೋಡಿದರು. "ಪಾಪ, ಹೆಣ್ಮಗು. ನಿನ್ನ ಯಾಕಮ್ಮ ಕಳಿಸ್ಬೇಕು? ಕೂತ್ಕೋ, ಕೂತ್ಕೋ" ಎಂದರು. ಜಗನ್ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟ.

ಜೂನ್ ಮೂವತ್ತರಂದು ವೆಂಕಟರವಣಪ್ಪನವರಿಗೆ ಬೀಳ್ಕೊಡುಗೆ ಸಮಾರಂಭ ನಡೆಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ ಸ್ವೀಕರಿಸಿ, ಮೈಕಿನ ಮುಂದೆ ಗಳಗಳನೆ ಅತ್ತು, ಮಾರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ಕೆಲಸಕ್ಕೆ ಬಂದರು. ನಾನು ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟೆ. ನಿರ್ಗಮಿಸದವರನ್ನು ತಡೆಯಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಅವರ ಜಾಗಕ್ಕೆ ಚಿಂತಾಮಣಿಯಿಂದ ಹೊಸ ಅಧೀಕ್ಷಕರು ವರ್ಗವಾಗಿ ಬಂದರು. ಕುರ್ಚಿಯಲ್ಲಿ ಹಳಬರು ಕೂತಿದ್ದರು. ನಾನು ಏಳನೇ ಕಲಮಿನ ಷರಾ ತೋರಿಸಿದೆ. ಅದನ್ನು ಎರಡು ಸಲ ಓದಿದವರೇ ನೆಟ್ಟಗೆ ಕಹಕಶಾನ್ ಮೇಜಿನ ಹತ್ತಿರ ಹೋಗಿ, ನಿಂತುಕೊಂಡೇ ಕೇಳಿದರು:

"ಅಮ್ಮಾ, ನನ್ನೂ ಒಂದು ಸಲ ಲಾಗಿನ್ ಮಾಡಿಸ್ಬಿಡಮ್ಮ. ನಂದು ಡಿಸೆಂಬರಿಗೆ ರಿಟೈರ್‌ಮೆಂಟ್."

"ಅರ್ಜಿ ಬರ್ಕೊಡಿ ಸರ್" ಎಂದಳು ಕಹಕಶಾನ್, ತಲೆ ಎತ್ತದೆ. "ಮೇಲಿನ ಕಚೇರಿಯವರದ್ದೇ ಹನ್ನೊಂದು ಬಾಕಿ ಬಿದ್ದಿದಾವೆ."