ಮಾವ ಕಟ್ಟಿದ ಕಿಮ್ಮತ್ತು

ತಾಂಡೂರಿಗೆ ಬಂದ ಹೊಸ ಬೂಟುಗಳನ್ನೆಲ್ಲ ಊರವರಿಗಿಂತ ಮೊದಲು ಹಾಕಿಕೊಂಡು ತಿರುಗಿದವನು ನಮ್ಮ ಸೋದರಮಾವ ಎಂದರೆ ನೀವು ನಂಬಬೇಕು! ಕಳ್ಳನೇ? ಛೆ ಛೆ, ನಿಜಾಮ ಸರ್ಕಾರದ ನೌಕರ! ಸ್ಟೇಷನ್ ಪಕ್ಕದ ಸುಂಕದ ನಾಕಾದಲ್ಲಿ ಮುನ್ಶಿ.

ಆಗ ಬ್ರಿಟಿಷರ ಸೀಮೆಯಾದ ಸೊಲ್ಲಾಪುರದ ಕಡೆಯಿಂದ ಏನು ಬಂದರೂ ಅದರ ಕಿಮ್ಮತ್ತು ನೋಡಿ ಸುಂಕ ಹಾಕುತ್ತಿದ್ದರು. ವ್ಯಾಪಾರಿಗಳೇನು ದಡ್ಡರೇ? ಬೀಜಕದಲ್ಲಿ, ಅಂದರೆ ಮಾಲಿನ ಪಟ್ಟಿಯಲ್ಲಿ, ಬೆಲೆ ಇಳಿಸಿಯೇ ಬರೆಸಿಕೊಂಡು ಬರುತ್ತಿದ್ದರು. ಉಳಿದ ಮುನ್ಶಿಗಳು ಪೇಟೆಯ ಧಾರಣೆ ವಿಚಾರಿಸಿ ಬೆಲೆ ಕಟ್ಟುತ್ತಿದ್ದರು. ನಮ್ಮ ಮಾವನಿಗೆ ಬೀಜಕದ ಮೇಲೂ ನಂಬಿಕೆಯಿಲ್ಲ, ಪೇಟೆಯ ಮೇಲೂ ಇಲ್ಲ. ಸ್ವತಃ ಬಳಸಿ ನೋಡಬೇಕು!

“ಮುನ್ಶಿ ಸಾಹೇಬ್ರ, ಬೀಜಕ ನೋಡ್ರಿ,” ಎಂದ ಒಬ್ಬ ಛತ್ರಿ ವ್ಯಾಪಾರಿ.

“ಬೀಜಕ ಬರದಾಂವ ಮನಶಾ. ಛತ್ರಿ ಸುಳ್ಳು ಹೇಳಂಗಿಲ್ಲ,” ಎಂದ ಮಾವ ಅದನ್ನು ಬಿಚ್ಚಿಕೊಂಡು ಸುಡುಬಿಸಿಲಲ್ಲಿ ಮನೆಗೆ ಹೋಗಿ, ಉಂಡು, ಒಂದು ನಿದ್ದೆ ತೆಗೆದು ಬಂದ. ಅಲ್ಲಿಯತನಕ ವ್ಯಾಪಾರಿ ನಾಕಾದ ಕಟ್ಟೆಯ ಮೇಲೆ ಒಣಗುತ್ತ ಕೂತಿದ್ದ!

ಸೋಪು ಬಂದರೆ ನಾಕಾದ ಬಾವಿಯ ಹತ್ತಿರವೇ ಸ್ನಾನ. ಅತ್ತರು ಬಂದ ದಿನ ಜವಾನನಿಗೆ ಸೀನೇ ಸೀನು. “ನಿಮ್ಮ ಮಾವ ನೌಕರಿ ಮಾಡಾಕ ಹೋಗ್ಯಾರೋ, ಇನ್ನೊಂದು ಲಗ್ನ ಮಾಡ್ಕೊಳ್ಳಾಕ ಹೋಗ್ಯಾರೋ?” ಎನ್ನುತ್ತಿದ್ದಳು ಅತ್ತೆ.

ಬೂಟಿನ ವ್ಯಾಪಾರಿ ಮಾತ್ರ ಮಾವನನ್ನೂ ಮೀರಿಸಿದ. ಬೇಕೆಂದೇ ಸಣ್ಣ ಅಳತೆಯ ಜೋಡನ್ನು ಗಂಟಿನ ಮೇಲಿಟ್ಟ. ಮಾವ ಕುಂಟುತ್ತ ಒಂದು ಸುತ್ತು ಹೋಗಿ ಬಂದು, “ಕಾಲು ತಿಂತಾವ. ಹಾಳ ಮಾಲು, ಕಿಮ್ಮತ್ತಿಲ್ಲ!” ಎಂದು ಇಡೀ ಗಂಟನ್ನು ಸುಂಕವಿಲ್ಲದೆ ಬಿಟ್ಟ.

ಮನೆಯವರಿಗೆ ರಿಯಾಯಿತಿ? ಹೆಸರೆತ್ತಬೇಡಿ! ಹೆಂಡತಿಯ ಸೀರೆಗೂ ಸುಂಕ ಹಾಕಿದ ಮಹಾನುಭಾವ. (ಉಟ್ಟು ನೋಡಿದನೇ ಎಂದು ಮಾತ್ರ ಕೇಳಬೇಡಿ.) ಮಾಲನ್ನು ಮೂಗಿನ ತುದಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವ ಅವನ ನೋಟಕ್ಕೇ ವ್ಯಾಪಾರಿಗಳು ಬೆವರುತ್ತಿದ್ದರು.

ನನ್ನ ಕಣ್ಣು ಚಿಕ್ಕಂದಿನಿಂದಲೇ ಮಂದ. ಅವ್ವ ಇದ್ದ ಕುರಿ ಮಾರಿ, ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದಳು. ತಾಂಡೂರಿನಲ್ಲಿ ಇಳಿದಾಗ ಅವಳ ಕೈ ಬರಿದು. ಸುಂಕ ಕಟ್ಟದಿದ್ದರೆ ಕನ್ನಡಕ ನಾಕಾದಲ್ಲೇ ಉಳಿಯುತ್ತದೆ. ಎದುರಿಗೆ ಕೂತವನೋ, ಅವಳ ಸ್ವಂತ ತಮ್ಮ!

“ಕಿಮ್ಮತ್ತು ಕಟ್ಟಬೇಕಲ್ಲ ಅಕ್ಕಾ,” ಎಂದು ಮಾವ ಕನ್ನಡಕ ಹಾಕಿಕೊಂಡ. ಹಾಕಿಕೊಂಡವನು ಹಳಿಯಾಚೆಯ ಬೇವಿನ ಮರ ನೋಡಿದ. ಅವ್ವನನ್ನು ನೋಡಿದ.

“ಅಕ್ಕಾ, ನಿನ್ನ ತಲಿ ಯಾವಾಗ ಇಷ್ಟು ಬೆಳ್ಳಗಾತು?”

“ಇಷ್ಟು ದಿನಾ ನಿನಗ ಕಂಡಿದ್ದಿಲ್ಲೇನೋ ತಮ್ಮಾ?” ಎಂದಳು ಅವ್ವ.

ಮಾವ ಕನ್ನಡಕ ತೆಗೆದು ನನ್ನ ಮೂಗಿನ ಮೇಲಿಟ್ಟು, ನಾಕಾಕ್ಕೆಲ್ಲ ಕೇಳುವಂತೆ ಕೂಗಿದ: “ಏನೂ ಕಾಣಸಂಗಿಲ್ಲ! ಹಾಳ ಮಾಲು, ಕಿಮ್ಮತ್ತಿಲ್ಲ. ಬಿಡ್ರಿ ಇವರನ್ನ!”

ಮಾವ ಆ ನಾಕಾದಲ್ಲಿ ಹೇಳಿದ ಒಂದೇ ಒಂದು ಸುಳ್ಳು ಅದು. ಬಾಗಿಲಲ್ಲಿ ನಾನು ತಿರುಗಿ ನೋಡಿದೆ. ಎಲ್ಲವೂ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಮಾವ ಆಗಲೇ ಮುಂದಿನ ಮಾಲನ್ನು ಮೂಗಿನ ತುದಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ನನಗೆ ಅಳು ಬಂತು.