ಅಕ್ಕನ ಜೊತೆ ಮಾತಾಡಲ್ಲ ಅಂತ ಹಾಕಿದ ಆಣೆ

ನಮ್ಮ ಕಡೆ ಸೊಪ್ಪು ಮಾರೋಳು ಕೂಡ 'ದೇವರಾಣೆ, ಈಗ ಕಿತ್ತಿದ್ದು' ಅನ್ನದೆ ಒಂದು ಕಟ್ಟು ಕೊಡೋದಿಲ್ಲ. ದಿನಾ ಒಂದಲ್ಲ ಒಂದು ಆಣೆ ಬೀಳ್ತಾನೇ ಇರ್ತದೆ. ನಾನೂ ಒಂದು ಹಾಕಿದ್ದೆ. ಆ ಕತೆ ಕೇಳಿ ಮೊಮ್ಮಕ್ಕಳು ಬಿದ್ದು ಬಿದ್ದು ನಗ್ತವೆ. ನನಗೆ ಮಾತ್ರ ಈಗಲೂ ನಗು ಬರಲ್ಲ.

ಬದುವಿನ ಮೇಲಿನ ಕಾಯಿ

ಹೊನ್ನವಳ್ಳಿ ಮಗ್ಗುಲಲ್ಲಿ ನಮ್ಮ ತೋಟ, ಅದರ ಪಕ್ಕಕ್ಕೆ ನಮ್ಮ ಭಾವನವರ ತೋಟ. ಒಂದಿನ ನಡುವಿನ ಬದುವಿನ ಮೇಲೆ ಒಂದು ತೆಂಗಿನಕಾಯಿ ಬಿದ್ದಿತ್ತು. ಭಾವನ ಹೆಂಡತಿ, ನಾನು ಅಕ್ಕ ಅಂತಲೇ ಕರೆಯೋದು, 'ನಮ್ಮ ಮರದ್ದು ಕಣೇ' ಅಂದಳು. ನಾನು ನಮ್ಮದು ಅಂದೆ. ಮಾತಿಗೆ ಮಾತು ಬೆಳೀತು. ಇಬ್ಬರೂ ಊರಮ್ಮನ ಗುಡಿಗೆ ಹೋಗಿ, ಮನೆಯಿಂದ ತಂದ ಒಂದೊಂದು ಕಾಯಿ ಒಡೆದು, 'ಇನ್ನು ಇವಳ ಜೊತೆ ಮಾತಾಡಿದ್ರೆ ಅಮ್ಮ ನೋಡ್ಕೊಳ್ಳಲಿ' ಅಂತ ಆಣೆ ಹಾಕಿದ್ವಿ.

ತಿರುಗಿ ಬಂದು ನೋಡಿದ್ರೆ, ಬದುವಿನ ಕಾಯಿ ಯಾವನೋ ಎತ್ಕೊಂಡು ಹೋಗಿದ್ದ. ಇಬ್ಬರೂ ಸೇರಿ ಅವನನ್ನ ಬೈಯೋಣ ಅಂದ್ರೆ, ಆಣೆ ಹಾಕಿ ಆಗಿತ್ತು.

ಎಮ್ಮೆ

ಅಟ್ಟಕ್ಕೆ ಹಾಕಿದ ಕಾಯಿ ಒಣಗಿ ಕೊಬ್ಬರಿಯಾಗೋಕೆ ವರ್ಷ ಬೇಕು. ಹಂಗೆ ಮೂರು ಸಲ ಕೊಬ್ಬರಿ ಇಳಿಸಿದ್ವಿ, ಮಾತಿಲ್ಲ. ಅಕ್ಕ ತನ್ನ ಎಮ್ಮೆಗೆ ಹೇಳೋಳು, 'ಲೇ, ಮೋಡ ಆಗೈತೆ, ರಾಗಿ ಒಣಗಾಕಿರೋರು ಎತ್ಕೊಳ್ಳಬಾರದಾ?' ನಾನು ರಾಗಿ ಎತ್ತಿ ಅದೇ ಎಮ್ಮೆಗೆ ಹೇಳ್ತಿದ್ದೆ, 'ನಿಮ್ಮಮ್ಮಂಗೆ ಮಂಡಿ ನೋವಂತೆ, ಎಣ್ಣೆ ಹಚ್ಕೊಳ್ಳಾಕೇಳು.'

ಆಮೇಲೆ ಅಕ್ಕ ಎಮ್ಮೆ ಮಾರಿಬಿಟ್ಟಳು. ಗಾಡಿಗೆ ಹತ್ತಿಸುವಾಗ ನಾನು ಬೇಲಿ ಹತ್ರ ನಿಂತು ಅತ್ತೆ. ನಮ್ಮ ಯಜಮಾನರು, 'ಎಮ್ಮೆ ಅವರದ್ದು, ದುಡ್ಡೂ ಅವರದ್ದು, ಅಳೋದು ಮಾತ್ರ ನಿಂದಾ?' ಅಂದರು.

ಪೂಜಾರಪ್ಪನ ತಟ್ಟೆ

ಅಲ್ಲಿಂದ ಎರಡು ವರ್ಷ ಅಕ್ಕನ ದನೀನೇ ಕೇಳಲಿಲ್ಲ. ತಡೀಲಾರದೆ ಗುಡಿಗೆ ಹೋದೆ. ಅಮ್ಮನಿಗೆ ತಪ್ಪು ಕಾಣಿಕೆ ಹಾಕಿದ್ರೆ ಆಣೆ ಬಿಡಿಸ್ತಾರೆ. ನಾನು ಹಾಕಿದೆ. ಪೂಜಾರಪ್ಪ ತೀರ್ಥ ಕೊಟ್ಟು ನಕ್ಕ.

'ನಿಮ್ಮಕ್ಕ ಎಮ್ಮೆ ಮಾರಿದ ವಾರಾನೇ ಬಿಡಿಸ್ಕೊಂಡು ಹೋದ್ಲು ಕಣವ್ವ.'

'ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?'

'ಯಾರಿಗೂ ಹೇಳಲ್ಲ ಅಂತ ನನ್ನ ಕೈಲಿ ಆಣೆ ಹಾಕ್ಸಿದ್ಲು.'

'ಈಗ ಹೇಳಿಬಿಟ್ರಲ್ಲ.'

ಪೂಜಾರಪ್ಪ ನಾಲಿಗೆ ಕಚ್ಕೊಂಡ. ಸೊಂಟದಿಂದ ಹತ್ತು ರೂಪಾಯಿ ತೆಗೆದು ತಪ್ಪು ಕಾಣಿಕೆ ಅಂತ ತನ್ನ ತಟ್ಟೆಗೇ ಹಾಕ್ಕೊಂಡು, 'ಬುಡು, ಸರಿಹೋಯ್ತು' ಅಂದ.

ನಾನು ನೆಟ್ಟಗೆ ಅಕ್ಕನ ಮನೆಗೆ ಹೋದೆ. ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ಎಷ್ಟು ಇಳಿದುಹೋಗಿದ್ದಳು.

'ಅಕ್ಕ, ಪೂಜಾರಪ್ಪ ಎಲ್ಲಾ ಹೇಳಿದ. ನಂದೂ ಬಿಡಿಸ್ಕೊಂಡು ಬಂದೆ. ಒಂದು ಮಾತು ನನಗೆ ಹೇಳಬಾರದಿತ್ತಾ?'

'ಹೇಳಿದ್ರೆ ನೀನು ಅವತ್ತೇ ಓಡಿಬಂದು ಮಾತಾಡಿಬಿಡ್ತಿದ್ದೆ. ನನ್ನ ಆಣೆ ಹೋಗಿತ್ತು, ನಿಂದು ಹಂಗೇ ಇತ್ತಲ್ಲೇ. ನಿನಗೇನಾದ್ರೂ ಆಗಿದ್ರೆ?'

ಎರಡು ವರ್ಷ ನನಗೋಸ್ಕರ ಬಾಯಿ ಕಟ್ಕೊಂಡು ಕೂತಿದ್ದಳು. ನಾನು ಅವಳ ಪಕ್ಕ ಕೂತು ಸೆರಗಲ್ಲಿ ಮೂಗು ಒರೆಸ್ಕೊಂಡೆ. ಒಂದು ಮಾತೂ ಹೊರಡಲಿಲ್ಲ.

ಅಕ್ಕ ನೋಡೋಷ್ಟು ನೋಡಿ, 'ಯಾಕೇ, ದಾರೀಲಿ ಇನ್ನೊಂದು ಆಣೆ ಹಾಕ್ಕೊಂಡು ಬಂದ್ಯಾ?' ಅಂದಳು.